ಜಿದ್ದಾ ಯಾವ ದಡದಲ್ಲಿದೆ

ಭೂಗೋಳದ ಪಾಠಕ್ಕೆ ಮಕ್ಕಳು ತೂಕಡಿಸುತ್ತಾರೆ ಎಂದು ಯಾರಾದರೂ ಹೇಳಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ತೂಕಡಿಸುವ ಹಾಗೆ ಮಾಡುವುದು ಭೂಗೋಳವಲ್ಲ, ಅದನ್ನು ಓದಿ ಹೇಳುವವರ ದನಿ. ನನ್ನ ದನಿಯೂ ಮೊದಮೊದಲು ಅಂಥದ್ದೇ ಇತ್ತು. ಈಚೆಗೆ ನನ್ನ ತಂಗಿಯ ಮಗಳು ಚೈತ್ರಾಳಿಗೆ ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಶಿಕ್ಷಕಿಯ ಕೆಲಸ ಸಿಕ್ಕಿತು. ಆದೇಶ ಕೈಗೆ ಬಂದ ದಿನವೇ ಪಾಂಡವಪುರದ ನಮ್ಮ ಮನೆಗೆ ಬಂದು, ಯಾವ ಪಾಠ ಕಷ್ಟ, ಯಾವುದು ಸುಲಭ, ಒಂದಿಷ್ಟು ಹೇಳಿಕೊಡಿ ದೊಡ್ಡಮ್ಮ ಎಂದು ಕೂತಳು. ಬಾಯಲ್ಲಿ ಹೇಳಹೊರಟರೆ ನಾನು ಕಾಫಿ ಮಾಡಿ ತರುವಷ್ಟರಲ್ಲಿ ಮಾತು ಎಲ್ಲಿಗೋ ಹೋಗಿಬಿಡುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಅವಳಿಗೂ, ಅವಳ ಹಾಗೆ ಹೊಸದಾಗಿ ಸೀಮೆಸುಣ್ಣ ಹಿಡಿಯುವ ಎಲ್ಲರಿಗೂ.

ಎಲ್ಲ ಪಾಠಗಳ ಬಗ್ಗೆ ಬರೆದರೆ ಅವರು ಓದುವುದಿಲ್ಲ, ನನಗೂ ತಾಳ್ಮೆಯಿಲ್ಲ. ಒಂದೇ ಪಾಠ ಹಿಡಿದುಕೊಳ್ಳುತ್ತೇನೆ. ಸೀಳು ಕಣಿವೆ. ಪುಸ್ತಕದಲ್ಲಿ ಅದಕ್ಕೆ ಸಿಕ್ಕುವುದು ಅರ್ಧ ಪುಟ, ಪರೀಕ್ಷೆಯಲ್ಲಿ ಬಂದರೆ ಒಂದು ಸಣ್ಣ ಪ್ರಶ್ನೆ. ಆದರೆ ನನ್ನ ಮಟ್ಟಿಗೆ ನಾನು ಮೇಷ್ಟರ ಕೆಲಸ ಕಲಿತದ್ದು ಆ ಅರ್ಧ ಪುಟದಲ್ಲಿಯೇ.

ನನ್ನ ಮೊದಲ ಶಾಲೆ ಕೆ.ಆರ್. ಪೇಟೆಯ ಕಡೆ, ಕಬ್ಬಿನ ಗದ್ದೆಗಳ ನಡುವೆ. ಆಗ ನಾವು ಪಾಠ ಮಾಡುತ್ತಿದ್ದ ರೀತಿ ಎಂದರೆ ನೋಟ್ಸ್ ಬರೆಸುವುದು. ‘ಎರಡು ಸ್ತರಭಂಗಗಳ ನಡುವಿನ ಭೂಭಾಗವು ಕೆಳಕ್ಕೆ ಕುಸಿದಾಗ ಸೀಳು ಕಣಿವೆ ಉಂಟಾಗುತ್ತದೆ’ ಎಂದು ನಾನು ಹೇಳುವುದು, ಮಕ್ಕಳು ತಲೆ ತಗ್ಗಿಸಿ ಬರೆದುಕೊಳ್ಳುವುದು. ಸ್ತರಭಂಗ ಎಂದರೇನು ಎಂದು ಒಬ್ಬರೂ ಕೇಳುತ್ತಿರಲಿಲ್ಲ. ಕೇಳಿದ್ದರೆ ನಾನು ಇನ್ನೊಂದು ವಾಕ್ಯ ಬರೆಸುತ್ತಿದ್ದೆ. ಹೀಗೆ ಎಲ್ಲವೂ ಸುಖವಾಗಿ ಸಾಗುತ್ತಿದ್ದಾಗ ತಪಾಸಣೆಗೆ ಒಬ್ಬ ಅಧಿಕಾರಿ ಬರುತ್ತಾರೆ, ಪಾಠದಲ್ಲಿ ಏನಾದರೂ ಮಾಡಿ ತೋರಿಸಬೇಕಂತೆ ಎಂಬ ಸುದ್ದಿ ಬಂತು. ನಾನು ಕಂಗಾಲಾದೆ. ಆ ವಾರದ ಪಾಠ ಸೀಳು ಕಣಿವೆ. ಭೂಮಿ ಸೀಳುವುದನ್ನು ಮಾಡಿ ತೋರಿಸುವುದು ಹೇಗೆ?

ಆ ಊರಲ್ಲಿ ಏನಿಲ್ಲದಿದ್ದರೂ ಬೆಲ್ಲವಿತ್ತು. ಪಕ್ಕದ ಆಲೆಮನೆಯಿಂದ ಮೂರು ಅಚ್ಚು ಬೆಲ್ಲ ತರಿಸಿದೆ. ಅಚ್ಚು ಬೆಲ್ಲ ಗೊತ್ತಲ್ಲ, ತಳ ಅಗಲ, ಮೇಲೆ ಸಣ್ಣ, ಬದಿಗಳು ಇಳಿಜಾರು. ಮೂರನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟೆ. ಆಚೆಯದು ಆಫ್ರಿಕಾ, ಈಚೆಯದೂ ಆಫ್ರಿಕಾ, ನಡುವಿನದು ಕುಸಿಯಬೇಕಾದ ನೆಲ. ಅಧಿಕಾರಿಗಳು ಹಿಂದಿನ ಬೆಂಚಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ‘ಈಗ ನೋಡಿ, ಎರಡೂ ಬದಿ ದೂರ ಸರಿದರೆ ನಡುವಿನದು ಕುಸಿಯುತ್ತದೆ’ ಎಂದು ನಾನು ಎರಡೂ ಕೈಯಿಂದ ಎರಡೂ ಬದಿಯ ಅಚ್ಚುಗಳನ್ನು ಎಳೆದೆ. ನಡುವಿನ ಅಚ್ಚು ಅಗಲವಾದ ತಳ ಊರಿಕೊಂಡು ಅಲ್ಲಾಡದೆ ಕೂತಿತ್ತು. ಮತ್ತೆ ಸೇರಿಸಿ ಮತ್ತೆ ಎಳೆದೆ. ಕೂತೇ ಇತ್ತು. ಮುಂದಿನ ಬೆಂಚಿನ ಒಬ್ಬಳು, ಕಣಿವೆ ಆಗಲಿಲ್ಲ ಮಿಸ್, ಬೆಟ್ಟ ಆಯಿತು ಎಂದಳು. ಅವಳ ಮಾತು ಸರಿಯಾಗಿಯೇ ಇತ್ತು.

ನಮ್ಮ ಮುಖ್ಯೋಪಾಧ್ಯಾಯರು ಬೋರೇಗೌಡರು ಎಂದು, ಗಣಿತದವರು, ಬಾಗಿಲ ಹತ್ತಿರ ನಿಂತು ನೋಡುತ್ತಿದ್ದರು. ಒಳಗೆ ಬಂದು ನನ್ನನ್ನು ಏನೂ ಅನ್ನದೆ ಎರಡು ಬದಿಯ ಅಚ್ಚುಗಳ ಕೆಳಗೆ ಒಂದೊಂದು ಡಸ್ಟರ್ ಇಟ್ಟು ಎತ್ತರಿಸಿದರು. ನಡುವಿನ ಅಚ್ಚನ್ನು ಕೈಗೆತ್ತಿಕೊಂಡು ತಲೆಕೆಳಗು ಮಾಡಿ, ಸಣ್ಣ ಮೈ ಕೆಳಗೆ ಬರುವ ಹಾಗೆ, ಬೆಣೆ ಸಿಕ್ಕಿಸಿದಂತೆ ಎರಡರ ನಡುವೆ ಕೂರಿಸಿದರು. ಈಗ ಎಳೆಯಿರಿ ಮೇಡಂ ಎಂದರು. ಎಳೆದೆ. ಬೆಲ್ಲ ತಟಕ್ಕನೆ ಕೆಳಗಿಳಿಯಿತು. ಮಕ್ಕಳು ಚಪ್ಪಾಳೆ ತಟ್ಟಿದರು.

ಆಮೇಲೆ ಯೋಚಿಸಿದೆ, ನನಗ್ಯಾಕೆ ಹೊಳೆಯಲಿಲ್ಲ ಎಂದು. ಹುಟ್ಟಿದಾಗಿನಿಂದ ಬೆಲ್ಲವನ್ನು ತಳ ಕೆಳಗೆ ಮಾಡಿಯೇ ನೋಡಿದವರು ನಾವು. ತಟ್ಟೆಯಲ್ಲಿ ಹಾಗೇ, ಸಂತೆಯಲ್ಲಿ ಹಾಗೇ, ದೇವರ ಮುಂದೆಯೂ ಹಾಗೇ. ಬೆಲ್ಲವನ್ನು ಬೋರಲು ಇಡಬಹುದು ಎಂಬುದು ಆ ಸೀಮೆಯವರ ತಲೆಗೆ ಹೋಗುವ ಮಾತೇ ಅಲ್ಲ. ಅಂದಿನಿಂದ ಆ ಶಾಲೆಯಲ್ಲಿ ಸೀಳು ಕಣಿವೆಯ ಪಾಠಕ್ಕೆ ಹಾಜರಾತಿ ಪೂರ್ತಿ ಇರುತ್ತಿತ್ತು. ಪಾಠ ಮುಗಿದ ಮೇಲೆ ಆಫ್ರಿಕಾವನ್ನು ಒಡೆದು ಹಂಚುತ್ತಿದ್ದೆ, ಅದಕ್ಕೆ.

ಈ ಅಚ್ಚು ಬೆಲ್ಲದ ಆಟ ಅರ್ಧ ಸತ್ಯ ಮಾತ್ರ ಎಂಬುದನ್ನು ಹೊಸಬರು ನೆನಪಿಡಬೇಕು. ನೆಲ ಕುಸಿಯುವುದು ಹೇಗೆ ಎಂದು ಅದು ತೋರಿಸುತ್ತದೆ, ಎಳೆಯುವವರು ಯಾರು ಎಂದು ತೋರಿಸುವುದಿಲ್ಲ. ಅದಕ್ಕೆ ನಾನು ಮಕ್ಕಳನ್ನು ಸಾಲಾಗಿ ಆಲೆಮನೆಗೆ ಕರೆದುಕೊಂಡು ಹೋಗುತ್ತಿದ್ದೆ. ಕೊಪ್ಪರಿಗೆಯಲ್ಲಿ ಹಾಲು ಕುದಿಯುವಾಗ (ಕಬ್ಬಿನ ಹಾಲು, ಹಸುವಿನದಲ್ಲ) ನಡುವೆ ಉಕ್ಕಿ ಮೇಲೆ ಬರುತ್ತದೆ, ಬಂದದ್ದು ಎರಡೂ ಕಡೆಗೆ ಸರಿಯುತ್ತದೆ, ಮೇಲಿನ ನೊರೆಯ ಕೆನೆ ಒಡೆದು ಅಂಚಿಗೆ ಹೋಗುತ್ತದೆ. ಭೂಮಿಯ ಮೇಲ್ಪದರವೂ ಹಾಗೇ ದೊಡ್ಡ ದೊಡ್ಡ ಫಲಕಗಳಾಗಿ ಒಡೆದಿದೆ. ಕೆಳಗಿನ ಕಾವಿಗೆ ಬಂಡೆ ಮೆಲ್ಲಗೆ ಮೇಲೇರುವ ಕಡೆ ನೆಲ ಉಬ್ಬುತ್ತದೆ, ನಾದಿದ ಹಿಟ್ಟನ್ನು ಎರಡೂ ಕೈಯಲ್ಲಿ ಜಗ್ಗಿದಂತೆ ತೆಳುವಾಗುತ್ತದೆ, ಉದ್ದುದ್ದ ಬಿರುಕು ಬಿಡುತ್ತದೆ, ಪುಸ್ತಕದ ಸ್ತರಭಂಗ ಎಂದರೆ ಇದೇ. ಎರಡು ಬಿರುಕಿನ ನಡುವಿನ ನೆಲ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಬಿರುಕಿನ ಸಂದಿಯಲ್ಲಿ ಜ್ವಾಲಾಮುಖಿ ಏಳುತ್ತದೆ. ಇಳಿದ ಜಾಗದಲ್ಲಿ ನೀರು ನಿಂತು ಉದ್ದನೆಯ ಆಳವಾದ ಸರೋವರಗಳಾಗುತ್ತವೆ. ಇನ್ನೂ ಎಳೆದರೆ ಒಂದು ದಿನ ಸಮುದ್ರ ಒಳಗೆ ನುಗ್ಗುತ್ತದೆ. ಪೂರ್ವ ಆಫ್ರಿಕಾ ಈಗ ಸರೋವರದ ಹಂತದಲ್ಲಿದೆ. ಆಫ್ರಿಕಾ ಮತ್ತು ಅರೇಬಿಯದ ನಡುವೆ ಈ ಕೆಲಸ ಮುಂದುವರಿದು ಕೆಂಪು ಸಮುದ್ರವೇ ಆಗಿಹೋಗಿದೆ.

ಇಲ್ಲೂ ಒಂದು ಎಚ್ಚರಿಕೆ. ಕೊಪ್ಪರಿಗೆ ತೋರಿಸಿದರೆ ಮಕ್ಕಳು ಭೂಮಿಯ ಒಳಗೆ ಪಾಕ ಕುದಿಯುತ್ತಿದೆ ಎಂದುಕೊಳ್ಳುತ್ತಾರೆ. ಕೆಳಗಿರುವುದು ಬಹುಪಾಲು ಗಟ್ಟಿ ಬಂಡೆಯೇ, ಕಾವಿಗೆ ಮೆತ್ತಗಾಗಿ ಬಹಳ ನಿಧಾನವಾಗಿ ಜರುಗುವ ಬಂಡೆ. ನಿಧಾನ ಎಂದರೆ ನಮ್ಮ ಉಗುರು ಬೆಳೆಯುವ ವೇಗವೇ ಅದರ ಮುಂದೆ ಎಷ್ಟೋ ಸಲ ಜೋರು ಅನ್ನಿಸಬೇಕು. ಇದನ್ನು ಒತ್ತಿ ಒತ್ತಿ ಹೇಳದಿದ್ದರೆ ಏನಾಗುತ್ತದೆ ಎಂಬುದು ಪಾಂಡವಪುರದ ಶಾಲೆಗೆ ಬಂದ ಮೇಲೆ ಗೊತ್ತಾಯಿತು. ಅಷ್ಟರಲ್ಲಿ ಗೋಡೆಯ ಮೇಲೆ ಚಿತ್ರ ಬಿಡುವ ಯಂತ್ರ ಬಂದಿತ್ತು. ಬೆಲ್ಲಕ್ಕೆ ರಜಾ. ಗುಂಡಿ ಒತ್ತಿದರೆ ಆಫ್ರಿಕಾ ಕಣ್ಣ ಮುಂದೆಯೇ ಪರ್ ಎಂದು ಹರಿದು ಎರಡಾಗುತ್ತಿತ್ತು. ಮಾರನೆಯ ದಿನ ಒಬ್ಬ ಹುಡುಗನ ತಾಯಿ ಬಂದು, ಭೂಮಿ ಬಾಯಿ ಬಿಡುತ್ತದಂತೆ, ಮಗ ರಾತ್ರಿಯೆಲ್ಲ ನೆಲದ ಮೇಲೆ ಮಲಗಲು ಒಪ್ಪಲಿಲ್ಲ, ಮಂಚವೇ ಬೇಕೆಂದ ಎಂದು ನನ್ನನ್ನು ತರಾಟೆಗೆ ತೆಗೆದುಕೊಂಡಳು. ಕೋಟ್ಯಂತರ ವರ್ಷಗಳ ಕೆಲಸವನ್ನು ಅರ್ಧ ನಿಮಿಷದಲ್ಲಿ ತೋರಿಸಿದರೆ ಇನ್ನೇನಾಗುತ್ತದೆ? ಯಂತ್ರ ಬೇಡವೆಂದು ನಾನು ಹೇಳುವುದಿಲ್ಲ. ಗುಂಡಿ ಒತ್ತುವ ಮೊದಲು ಮಕ್ಕಳಿಗೆ ಅವರವರ ಉಗುರು ನೋಡಿಕೊಳ್ಳಲು ಹೇಳಿ.

ನಡುವೆ ಕೆಲವು ಕಾಲ ಶ್ರೀರಂಗಪಟ್ಟಣದ ಪಕ್ಕದ ಬಾಬುರಾಯನಕೊಪ್ಪಲಿನ ಕಡೆ ಇದ್ದೆ. ಅಲ್ಲಿನ ಮಕ್ಕಳಿಗೆ ನೀರಿನ ವಿಷಯದಲ್ಲಿ ಯಾರೂ ಏನೂ ಹೇಳಿಕೊಡಬೇಕಾಗಿರಲಿಲ್ಲ. ಪಾಠ ಮುಗಿಸಿ ನಾನು ಬೆವರು ಒರೆಸಿಕೊಳ್ಳುತ್ತಿದ್ದಾಗ ಒಬ್ಬ ಎದ್ದು ನಿಂತು, ಶ್ರೀರಂಗಪಟ್ಟಣದ ಸುತ್ತ ಕಾವೇರಿ ಎರಡಾಗಿ ಹರಿಯುತ್ತಾಳಲ್ಲ, ಹಾಗಾದರೆ ಅದೂ ಸೀಳು ಕಣಿವೆಯೇ ಎಂದು ಕೇಳಿದ. ಅಲ್ಲ, ಅದು ನದಿ ತಾನೇ ಕೊರೆದುಕೊಂಡ ದಾರಿ, ನೆಲ ಎಳೆದಾಡಿದ್ದಲ್ಲ, ನಮ್ಮ ಈ ಸೀಮೆಯ ಬಂಡೆ ಬಹಳ ಹಳೆಯದು, ಗಟ್ಟಿ, ಅಷ್ಟು ಸುಲಭಕ್ಕೆ ಸೀಳುವುದಿಲ್ಲ ಎಂದೆ. ಹುಡುಗನಿಗೆ ನಿರಾಶೆಯಾಯಿತು. ತಮ್ಮ ಊರೂ ಪುಸ್ತಕಕ್ಕೆ ಸೇರಲಿ ಎಂದು ಅವನ ಆಸೆ. ಪಾಪ, ಅವನ ಮುಖ ನೋಡಲಾರದೆ, ನರ್ಮದೆ ಹರಿಯುವುದು ಸೀಳಿನಲ್ಲೇ ಕಣಪ್ಪ, ನಮ್ಮ ದೇಶದ್ದೇ ನದಿ ಎಂದು ಸಮಾಧಾನ ಮಾಡಿದೆ.

ಆ ದಿನ ನಾನು ‘ನಮ್ಮ ಸೀಮೆ ಗಟ್ಟಿ’ ಎಂದು ಹೇಳಿದೆನಲ್ಲ, ಆ ಮಾತು ತಪ್ಪಲ್ಲ. ಆದರೆ ಗಟ್ಟಿ ಎಂದರೆ ನಿಂತಿದೆ ಎಂದು ನಾನು ಎಷ್ಟೋ ವರ್ಷ ಅಂದುಕೊಂಡಿದ್ದೆ. ಅಲ್ಲ ಎಂದು ತಿಳಿದದ್ದು ಮುಬೀನಾಳ ದೆಸೆಯಿಂದ. ಈ ಬರಹ ಇರುವುದೇ ಅವಳಿಗಾಗಿ ಎಂದರೂ ಸರಿ.

ಮುಬೀನಾ ಪಾಂಡವಪುರಕ್ಕೆ ಮುಂಚೆ ನಾನಿದ್ದ ನಾಗಮಂಗಲ ತಾಲ್ಲೂಕಿನ ಶಾಲೆಯಲ್ಲಿ ಒಂಬತ್ತನೆಯ ತರಗತಿಯಲ್ಲಿದ್ದಳು. ಬೆಳ್ಳೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದಳು. ತಂದೆ ಅಕ್ರಂ ಪಾಷಾ ಮೊದಲು ಬೆಳ್ಳೂರು ಕ್ರಾಸಿನಲ್ಲಿ ಲಾರಿ ಓಡಿಸುತ್ತಿದ್ದವರು, ಅವಳು ಇನ್ನೂ ಚಿಕ್ಕವಳಿದ್ದಾಗ ಅರೇಬಿಯಕ್ಕೆ ಹೋಗಿ ಜಿದ್ದಾ ಊರಿನಲ್ಲಿ ಡ್ರೈವರಾಗಿದ್ದರು. ತಾಯಿ ಜೈಬುನ್ನಿಸಾ ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದರು. ಮನೆಯಲ್ಲಿ ಇಬ್ಬರೇ. ತಂದೆ ಈ ರಂಜಾನಿಗೆ ಬರುತ್ತಾರೆ ಎಂದು ಹುಡುಗಿ ಹೇಳುವಳು, ರಂಜಾನ್ ಕಳೆಯುವುದು, ಬಕ್ರೀದಿಗೆ ಬರುತ್ತಾರೆ ಎನ್ನುವಳು. ಕೆಲಸಕ್ಕೆ ಇಟ್ಟುಕೊಂಡವನು ರಜೆ ಕೊಡುತ್ತಿರಲಿಲ್ಲವಂತೆ. ಶುಕ್ರವಾರ ನಮಾಜಿನ ಮೇಲೆ ತಂದೆಯ ಫೋನು ಬರುತ್ತಿತ್ತು. ಶನಿವಾರದ ಬೆಳಗಿನ ತರಗತಿಯಲ್ಲಿ ಅವಳ ಮುಖ ನೋಡಿದರೆ ಫೋನು ಬಂತೋ ಇಲ್ಲವೋ ನನಗೆ ಗೊತ್ತಾಗುತ್ತಿತ್ತು.

ಆ ವರ್ಷ ಸೀಳು ಕಣಿವೆಯ ಪಾಠದಲ್ಲಿ ನಾನು ಕೆಂಪು ಸಮುದ್ರದ ಭಾಗ ವಿವರಿಸುತ್ತಿದ್ದೆ. ಗೋಡೆಗೆ ಭೂಪಟ ತೂಗುಹಾಕಿ, ಈ ದಡ ಆಫ್ರಿಕಾ, ಆ ದಡ ಅರೇಬಿಯ, ಎರಡೂ ದಡಗಳು ವರ್ಷ ವರ್ಷವೂ ಒಂದರಿಂದ ಒಂದು ದೂರ ಹೋಗುತ್ತಿವೆ ಎಂದೆ. ಮುಬೀನಾ ಕೈ ಎತ್ತಿದಳು. ಯಾವತ್ತೂ ಕೈ ಎತ್ತಿದವಳಲ್ಲ.

‘ಮೇಡಂ, ಜಿದ್ದಾ ಯಾವ ದಡದಲ್ಲಿ ಅದೆ?’

ಅರೇಬಿಯದ ದಡದಲ್ಲಿ ಎಂದು ಕೋಲಿನಿಂದ ತೋರಿಸಿದೆ. ಅವಳು ಕೂರಲಿಲ್ಲ.

‘ಆ ದಡ ನಮ್ ಅತ್ರುಕ್ಕೆ ಬತ್ತಾ ಅದಾ, ಇಲ್ಲಾ ದೂರ ಓಯ್ತಾ ಅದಾ ಮೇಡಂ? ನಮ್ ಅಬ್ಬ ಅಲ್ಲೇ ಅವ್ರೆ.’

ಹುಡುಗರು ನಕ್ಕರು. ಕೋಲು ಮೇಜಿಗೆ ಬಡಿದ ಸದ್ದಿಗೆ ನಗು ನಿಂತಿತು. ಆದರೆ ಉತ್ತರ ನನ್ನ ಬಳಿ ಇರಲಿಲ್ಲ. ಅರೇಬಿಯ ಆಫ್ರಿಕಾದಿಂದ ದೂರ ಹೋಗುತ್ತದೆ ಎಂದು ಪುಸ್ತಕ ಹೇಳಿತ್ತು. ಬೆಳ್ಳೂರಿನ ಲೆಕ್ಕದಲ್ಲಿ ಅದು ಎತ್ತ ಹೋಗುತ್ತದೆ ಎಂದು ಯಾವ ಪುಸ್ತಕ ಬರೆದೀತು? ಗೊತ್ತಿಲ್ಲಮ್ಮ, ತಿಳಿದುಕೊಂಡು ಹೇಳುತ್ತೇನೆ ಎಂದೆ. ಅವಳು ತಲೆಯಾಡಿಸಿ ಕೂತಳು. ಆ ಮೇಲಿನ ದಿನಗಳಲ್ಲಿ ಅವಳು ಮತ್ತೆ ಕೇಳಲಿಲ್ಲ, ಆದರೆ ನಾನು ತರಗತಿಗೆ ಕಾಲಿಟ್ಟ ಕೂಡಲೇ ನನ್ನ ಮುಖ ನೋಡುತ್ತಿದ್ದಳು.

ಸ್ಟಾಫ್ ರೂಮಿನಲ್ಲಿ ಈ ವಿಷಯ ಎತ್ತಿದೆ. ಕನ್ನಡದ ಮೇಷ್ಟರು ಪುಟ್ಟಸ್ವಾಮಿ, ಒಳ್ಳೆಯ ಮನುಷ್ಯ, ಡಬ್ಬಿ ಬಿಚ್ಚುತ್ತಾ ಹೇಳಿದರು: ‘ಅತ್ರುಕ್ಕೆ ಬತ್ತಾ ಅದೆ ಅಂತ ಯೋಳ್ಬುಡಿ ಮೇಡಂ. ಮಗ ಸಂತೋಸ ಪಡ್ಲಿ. ಯಾರು ಟೇಪು ಇಡ್ಕಂಡು ಅಳೆಯಕ್ಕೋದಾರು?’

ಅವರು ಹೇಳಿದ್ದು ಕರುಣೆಯಿಂದಲೇ. ಹೇಳಿಬಿಡಬೇಕು ಎಂದು ನನಗೂ ಒಂದು ಕ್ಷಣ ಅನ್ನಿಸಿತು. ಆದರೆ ಆ ಹುಡುಗಿಗೆ ರಂಜಾನು, ಬಕ್ರೀದು ಎಂದು ಎಲ್ಲರೂ ಹತ್ತಿರದ ಮಾತನ್ನೇ ಹೇಳುತ್ತಾ ಬಂದಿದ್ದರು. ನಾನೂ ಇನ್ನೊಂದು ಸೇರಿಸಲಾರೆ ಅನ್ನಿಸಿತು. ಅವಳು ಕೇಳಿದ್ದು ಸಮಾಧಾನವನ್ನಲ್ಲ, ಭೂಗೋಳವನ್ನು. ಭೂಗೋಳವನ್ನೇ ಕೊಡಬೇಕು.

ಮೊಬೈಲು ಆಗಲೇ ಬಂದಿತ್ತು, ಆದರೆ ಈಗಿನ ಹಾಗೆ ಅಂಗೈಯಲ್ಲಿ ಜಗತ್ತನ್ನೆಲ್ಲ ತೆರೆದು ನೋಡುವ ಕಾಲ ಬಂದಿರಲಿಲ್ಲ. ಇದ್ದ ಪುಸ್ತಕಗಳನ್ನೆಲ್ಲ ತಿರುವಿದೆ. ನಾಗಮಂಗಲದ ಗ್ರಂಥಾಲಯದಲ್ಲಿ ಭೂಗೋಳದ ಕಪಾಟಿನ ಬೀಗದ ಕೈ ಹುಡುಕಿಸಲು ಹೋಗಿ ಅಲ್ಲಿನವರ ಸಿಟ್ಟಿಗೆ ಗುರಿಯಾದೆ. ಕೊನೆಗೆ ಯಾರೋ ಮೈಸೂರಿನಲ್ಲಿ ನಿವೃತ್ತ ಭೂವಿಜ್ಞಾನದ ಅಧ್ಯಾಪಕರೊಬ್ಬರಿದ್ದಾರೆ ಎಂದರು. ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಬಸ್ಸು ಹತ್ತಿ ಪಾಂಡವಪುರ, ಶ್ರೀರಂಗಪಟ್ಟಣ ದಾಟಿ ಮೈಸೂರು ಸೇರಿದೆ. ಬಸ್ಸಿನಲ್ಲಿ ಕೂತು, ಇಷ್ಟು ಸಣ್ಣ ಪ್ರಶ್ನೆಗೆ ಇಷ್ಟು ದೂರ ಹೊರಟೆನಲ್ಲ ಎಂದು ನನಗೇ ನಗು ಬಂತು.

ಅಧ್ಯಾಪಕರು ಹಿರಿಯರು, ಸ್ವಲ್ಪ ಗದರುವ ಸ್ವಭಾವ. ಹೂವಿನ ಕುಂಡಗಳಿಗೆ ನೀರು ಹಾಕುತ್ತಿದ್ದವರು ಪೈಪು ಬಿಡದೆಯೇ ನನ್ನ ಪ್ರಶ್ನೆ ಕೇಳಿಸಿಕೊಂಡರು. ಜಿದ್ದಾ ಬೆಳ್ಳೂರಿಗೆ ಹತ್ತಿರ ಬರುತ್ತಿದೆಯೋ ದೂರ ಹೋಗುತ್ತಿದೆಯೋ ಎಂದು ಕೇಳಿದೆ. ಅವರು ನಲ್ಲಿ ನಿಲ್ಲಿಸಿದರು.

‘ಜಿದ್ದಾ ಎತ್ತ ಹೋಗ್ತಿದೆ ಅಂತ ಕೇಳ್ತೀರಿ. ಸರಿ. ಬೆಳ್ಳೂರು ನಿಂತಿದೆ ಅಂತ ನಿಮಗೆ ಯಾರು ಹೇಳಿದ್ರು?’

ನಾನು ಇಷ್ಟು ವರ್ಷ ಪಾಠ ಮಾಡಿದವಳು. ಭಾರತ ಉತ್ತರಕ್ಕೆ ತಳ್ಳಿಕೊಂಡು ಹೋಗಿ ಹಿಮಾಲಯ ಎದ್ದಿತು ಎಂದು ನಾನೇ ಬರೆಸಿದವಳು. ಆದರೆ ಅದು ಬೇರೆ ಪಾಠ, ಇದು ಬೇರೆ ಪಾಠ. ಸೀಳು ಕಣಿವೆ ಹೇಳುವಾಗ ನಾನೂ ನನ್ನ ಶಾಲೆಯೂ ಗಟ್ಟಿ ನೆಲದ ಮೇಲೆ ನಿಂತು ದೂರದಲ್ಲಿ ಯಾರೋ ಜಗಳವಾಡಿ ಬೇರೆಯಾಗುವುದನ್ನು ನೋಡುವವರ ಹಾಗೆ ಇರುತ್ತಿದ್ದೆವು. ಅವರು ಒಳಗೆ ಕರೆದು ಕೂರಿಸಿ, ದೊಡ್ಡ ನಕ್ಷೆ ಬಿಚ್ಚಿ, ನಿಧಾನವಾಗಿ ಎಲ್ಲವನ್ನೂ ಹೇಳಿದರು. ಅವರ ಮನೆಯವರು ಉಪ್ಪಿಟ್ಟು ಕೊಟ್ಟರು. ನಾನು ಉತ್ತರ ತೆಗೆದುಕೊಂಡು ಸಂಜೆಯ ಬಸ್ಸಿಗೆ ಹೊರಟೆ. ಸೋಮವಾರ ಅವಳ ಮುಖ ಹೇಗೆ ಅರಳುತ್ತದೆ ಎಂದು ನೆನೆಸಿಕೊಂಡು ಖುಷಿಯಾಗಿ ಬಂದೆ.

ಸೋಮವಾರ ಮುಬೀನಾಳ ಜಾಗ ಖಾಲಿ ಇತ್ತು. ಮಧ್ಯಾಹ್ನ ಪುಟ್ಟಸ್ವಾಮಿ ಬಂದು ತಗ್ಗಿದ ದನಿಯಲ್ಲಿ ಹೇಳಿದರು. ಅವಳ ತಂದೆ ತೀರಿಕೊಂಡಿದ್ದರು. ಕೆಲಸ ಮುಗಿಸಿ ಬಂದು ರೂಮಿನಲ್ಲಿ ಮಲಗಿದವರು ಎದ್ದಿರಲಿಲ್ಲ. ಜೊತೆಯಲ್ಲಿದ್ದ ಯಾರೋ ಬೆಳ್ಳೂರಿಗೆ ಫೋನು ಮಾಡಿದ್ದರು. ದೇಹ ತರಿಸುವುದು ತಿಂಗಳುಗಟ್ಟಲೆಯ ಮಾತು, ಅದೂ ಆ ನೆಲ ಪುಣ್ಯದ ನೆಲ, ಅಲ್ಲೇ ದಫನ್ ಆಗಲಿ ಎಂದು ಹಿರಿಯರು ಒಪ್ಪಿಕೊಂಡು ಎಲ್ಲವೂ ಆಗಿಹೋಗಿತ್ತು.

ನಾನು ಆ ದಿನ ಉಳಿದ ಪಾಠಗಳನ್ನು ಹೇಗೆ ಮುಗಿಸಿದೆನೋ ಗೊತ್ತಿಲ್ಲ. ತಿಳಿದುಕೊಂಡು ಹೇಳುತ್ತೇನೆ ಎಂದು ಮಾತು ಕೊಟ್ಟ ದಿನದಿಂದ ನಾನು ಮೈಸೂರಿಗೆ ಹೋದ ದಿನದವರೆಗೆ ಆ ಹುಡುಗಿ ನನ್ನ ಮುಖ ನೋಡುತ್ತಿದ್ದದ್ದೇ ಕಣ್ಣಿಗೆ ಕಟ್ಟುತ್ತಿತ್ತು. ಈಗ ಹತ್ತಿರವೇನು, ದೂರವೇನು. ಉತ್ತರ ಹೇಳುವ ಕಾಲ ಮೀರಿತು ಎಂದುಕೊಂಡೆ.

ವಾರ ಕಳೆದರೂ ಅವಳು ಬರಲಿಲ್ಲ. ಪುಟ್ಟಸ್ವಾಮಿಯೂ ನಾನೂ ಬೆಳ್ಳೂರಿಗೆ ಹೋದೆವು. ಗಂಡ ಹೋದ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಇದ್ದತ್ತಿನಲ್ಲಿ ಇರುತ್ತಾರೆ, ಆ ತಿಂಗಳುಗಳಲ್ಲಿ ಹೊರಗಿನ ಗಂಡಸರ ಎದುರಿಗೆ ಬರುವುದಿಲ್ಲ. ಆದ್ದರಿಂದ ಪುಟ್ಟಸ್ವಾಮಿ ಅಂಗಳದಲ್ಲಿ ಮುಬೀನಾಳ ಚಿಕ್ಕಪ್ಪನ ಜೊತೆ ಕುರ್ಚಿಯಲ್ಲಿ ಕೂತರು, ನಾನು ಪರದೆ ಸರಿಸಿ ಒಳಗೆ ಹೋದೆ. ಚಿಕ್ಕ ಕೋಣೆ. ಹೊಲಿಗೆ ಯಂತ್ರದ ಮೇಲೆ ಬಟ್ಟೆ ಮುಚ್ಚಿತ್ತು. ಜೈಬುನ್ನಿಸಾ ಚಾಪೆಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಮುಬೀನಾ ಎದ್ದು ಬಂದು ನನ್ನ ಕೈಚೀಲ ತೆಗೆದುಕೊಂಡು ಪಕ್ಕಕ್ಕಿಟ್ಟಳು. ತರಗತಿಯಲ್ಲಿ ನಾನು ಬಂದಾಗ ಮಾಡುತ್ತಿದ್ದಂತೆಯೇ.

ಸಾಂತ್ವನ ಹೇಳುವುದರಲ್ಲಿ ನಾನು ದಡ್ಡಿ. ಸುಮ್ಮನೆ ಅವರ ಪಕ್ಕ ಕೂತೆ. ಅವರೇ ಮಾತಾಡಿದರು. ಅಳುತ್ತಿರಲಿಲ್ಲ. ಅಳು ಆಗಲೇ ಮುಗಿದುಹೋದಂತೆ ಒಣ ದನಿ.

‘ಮುಖ ನೋಡ್ಲಿಲ್ಲ ಮೇಡಮ್ಮಾ. ನಮ್ಮೋರು ಯಾರೂ ಒಂದಿಡಿ ಮಣ್ಣು, ಮಿಟ್ಟಿ ಕೊಡ್ಲಿಲ್ಲ. ಇಲ್ಲೇ ಖಬರಸ್ತಾನ್‌ದಲ್ಲಿ ಇದ್ದಿದ್ರೆ ಬಸ್ಸಲ್ಲಿ ಓಗ್ತಾ ಬರ್ತಾ ಒಂದು ಸಲಾಮಾದ್ರೂ ಯೋಳ್ಬೋದಿತ್ತು. ಅಷ್ಟು ದೂರ ಬುಟ್ಬುಟ್ವಿ ಅವ್ರನ್ನ, ಒಬ್ರನ್ನೇ.’

ನಾನು ಅವರ ಕೈ ಹಿಡಿದುಕೊಂಡೆ. ಸೂಜಿ ಹಿಡಿದು ಗಟ್ಟಿಯಾದ ಬೆರಳುಗಳು. ಆಗ ಮುಬೀನಾ, ಚಾಪೆಯ ತುದಿಯಲ್ಲಿ ಕೂತಿದ್ದವಳು, ಕೇಳಿದಳು: ‘ಮೇಡಂ, ತಿಳ್ಕಂಡ್ ಬಂದ್ರಾ?’

ಮೊದಲು ಹೌದು ಅನ್ನಲೂ ಭಯವಾಯಿತು. ಸಾವಿನ ಮನೆಯಲ್ಲಿ ಕೂತು ಭೂಫಲಕದ ಪಾಠ ಮಾಡುವುದೇ? ಹೊರಗೆ ಪುಟ್ಟಸ್ವಾಮಿ ಕೆಮ್ಮಿದ್ದು ಕೇಳಿಸಿತು. ಆದರೆ ಹುಡುಗಿ ಕೇಳಿದ್ದಳು. ನಾನು ಚಾಪೆಯ ಮೇಲೆ ಬಗ್ಗಿ ಎರಡೂ ಅಂಗೈಗಳನ್ನು ಅಕ್ಕಪಕ್ಕದಲ್ಲಿ ಊರಿದೆ.

‘ನೋಡಮ್ಮ, ಈ ಎಡಗೈ ನಿಮ್ಮ ಅಬ್ಬ ಇರುವ ನೆಲ. ಅದು ಆಫ್ರಿಕಾವನ್ನು ಹಿಂದೆ ಬಿಟ್ಟು ಉತ್ತರಕ್ಕೆ ಹೋಗುತ್ತಾ ಇದೆ, ಸ್ವಲ್ಪ ಪೂರ್ವಕ್ಕೆ ವಾಲಿಕೊಂಡು. ಈ ಬಲಗೈ ನಮ್ಮ ನೆಲ. ನಮ್ಮದೂ ನಿಂತಿಲ್ಲ. ಇದೂ ಉತ್ತರಕ್ಕೇ ಹೋಗುತ್ತಾ ಇದೆ, ಇದೂ ಪೂರ್ವಕ್ಕೆ ವಾಲಿಕೊಂಡೇ. ನಡುವೆ ಸಮುದ್ರದ ತಳದಲ್ಲಿ ಎರಡೂ ಒಂದಕ್ಕೊಂದು ಒರಸಿಕೊಂಡು ಹೋಗುತ್ತವೆ. ಹೆಚ್ಚುಕಡಿಮೆ ಒಂದೇ ವೇಗ.’

ನನ್ನ ಎರಡೂ ಕೈಗಳನ್ನು ಚಾಪೆಯ ಮೇಲೆ ಮೆಲ್ಲಗೆ ಒಂದೇ ದಿಕ್ಕಿಗೆ ಸರಿಸಿದೆ. ಮುಬೀನಾ ನೋಡುತ್ತಿದ್ದಳು.

‘ಅಂಗಾರೆ ಅತ್ರುಕ್ಕೂ ಬತ್ತಾ ಇಲ್ಲ, ದೂರಕ್ಕೂ ಓಯ್ತಾ ಇಲ್ಲ.’

ಹೌದು ಎಂದೆ. ಅಕ್ಕಪಕ್ಕದಲ್ಲಿ ಹೋಗುತ್ತಿವೆ, ಜೊತೆಯಲ್ಲಿ, ಅಷ್ಟೇ. ಇದಕ್ಕಿಂತ ಹತ್ತಿರದ ಉತ್ತರ ನನಗೆ ಸಿಕ್ಕಲಿಲ್ಲ ಎಂದೂ ಹೇಳಿದೆ, ಅವಳಿಂದ ಮುಚ್ಚಿಡಬಾರದು ಅನ್ನಿಸಿ.

ಗೋಡೆಗೆ ಒರಗಿದ್ದ ಜೈಬುನ್ನಿಸಾ ಮುಂದಕ್ಕೆ ಬಾಗಿದ್ದರು. ಅವರ ಕಣ್ಣು ನನ್ನ ಕೈಗಳ ಮೇಲಿತ್ತು.

‘ಈಗ್ಲೂವಾ ಮೇಡಮ್ಮಾ?’

‘ಈಗಲೂ.’

‘ನಾವು ನಿದ್ದೆ ಮಾಡ್ತಿದ್ರೂವೆ?’

‘ನಿದ್ದೆ ಮಾಡುತ್ತಿದ್ದರೂ.’

ಅವರು ಚಾಪೆಯ ಮೇಲೆ, ನನ್ನ ಬಲಗೈ ಪಕ್ಕದಲ್ಲಿ, ತಮ್ಮ ಕೈಯನ್ನು ಅಂಗೈ ಕೆಳಗೆ ಮಾಡಿ ಊರಿದರು. ಆಗ ಅತ್ತರು. ಅಳುತ್ತಲೇ ಮಗಳ ಕಡೆ ತಿರುಗಿ ಹೇಳಿದರು: ‘ಒಬ್ರೇ ಇಲ್ಲ ಕಣೇ ಬೇಟಾ. ಜೊತೇಲೇ ಬತ್ತಾ ಅವ್ರೆ.’

ನಾನೂ ಅತ್ತೆ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಹೊರಡುವಾಗ ಅವರು ಬಾಗಿಲವರೆಗೆ ಬರುವ ಹಾಗಿರಲಿಲ್ಲ, ಪರದೆಯ ಒಳಗಿನಿಂದಲೇ, ಮುಬೀನಾಳನ್ನು ಸೋಮವಾರ ಕಳಿಸುತ್ತೇನೆ ಎಂದರು. ಅವಳ ಓದು ನಿಲ್ಲಿಸುವ ಮಾತು ನೆಂಟರಲ್ಲಿ ನಡೆದಿತ್ತೆಂದೂ, ಆ ಸಂಜೆಯೇ ಅವರು ಮೈದುನನಿಗೆ ಅದಾಗದು ಎಂದು ಹೇಳಿದರೆಂದೂ ನನಗೆ ಬಹಳ ದಿನಗಳ ಮೇಲೆ ತಿಳಿಯಿತು.

ಗೋಡೆ ತೆಳು, ಪುಟ್ಟಸ್ವಾಮಿಗೆ ಎಲ್ಲವೂ ಕೇಳಿಸಿತ್ತು. ಬಸ್ಸು ಹತ್ತುವಾಗ, ‘ಟೇಪು ಇಡ್ಕಂಡು ಅಳೆದಂಗೇ ಆಯ್ತು ಬುಡಿ ಮೇಡಂ’ ಎಂದರು. ಅವರ ಕಣ್ಣೂ ಒದ್ದೆಯಾಗಿತ್ತು.

ಚೈತ್ರಾ, ಮಕ್ಕಳು ಕೇಳುವ ಪ್ರಶ್ನೆಯ ಹಿಂದೆ ಯಾರಿರುತ್ತಾರೋ ನಿನಗೆ ಗೊತ್ತಿರುವುದಿಲ್ಲ. ಗೊತ್ತಿಲ್ಲ ಎನ್ನಲು ಹೆದರಬೇಡ. ತಿಳಿದುಕೊಂಡು ಬರುತ್ತೇನೆ ಎಂದ ಮೇಲೆ ತಡವಾದರೂ ಹೋಗಿ ಹೇಳು. ಇಷ್ಟೇ ನನ್ನ ಬುದ್ಧಿವಾದ, ಉಳಿದದ್ದು ಪುಸ್ತಕದಲ್ಲೇ ಇದೆ.

ಮುಬೀನಾ ಆ ಸೋಮವಾರ ಬಂದಳು. ಅಷ್ಟರಲ್ಲಿ ಸೀಳು ಕಣಿವೆ ಮುಗಿದು ನಾವು ಮರುಭೂಮಿಗೆ ಬಂದಿದ್ದೆವು. ನಾನು ಮರುಭೂಮಿಯ ಪುಟ ಮುಚ್ಚಿ, ಕೆಂಪು ಸಮುದ್ರದ ಭೂಪಟವನ್ನು ಮತ್ತೆ ತೂಗುಹಾಕಿದೆ. ಆಗಲೇ ಆಯ್ತಲ್ಲ ಮೇಡಂ ಎಂದು ಹುಡುಗರು ಗೊಣಗಿದರು. ಪೂರ್ತಿ ಆಗಿರಲಿಲ್ಲ ಎಂದೆ. ಈ ಸಲ ಪಾಠವನ್ನು ಆಫ್ರಿಕಾದಿಂದ ಶುರು ಮಾಡಲಿಲ್ಲ. ಬೆಳ್ಳೂರಿನಿಂದ ಶುರು ಮಾಡಿದೆ.